ಅತ್ತಿಗೆಗೆ ಹೇಳಿದ ಮಾತು

ರೀ,

ಚಿಂತಾಮಣಿಗೆ ಹೊರಟಿದೀನಿ, ಡಾಕ್ಟರಮ್ಮನ ಹತ್ರ. ಬಸ್ಸಾರು ಒಲೆ ಮೇಲಿದೆ, ಮುದ್ದೆ ಮುಚ್ಚಿಟ್ಟಿದೀನಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದು ಮರೀಬೇಡಿ.

ನಿನ್ನೆ ಹಪ್ಪಳ ಕೊಡೋಕೆ ನಿಮ್ಮ ಅತ್ತಿಗೆ ಮನೆಗೆ ಹೋಗಿದ್ದೆ. "ಏನೇ ತನುಜ, ನನ್ನ ಮೈದುನನ್ನ ಹತ್ರಾನೇ ಬಿಟ್ಕೊಳ್ಳಲ್ವಂತೆ?" ಅಂತ ನಕ್ಕರು. ನಾಚಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು ನನಗೆ. ನಾನು ಕೇಳಿದ್ರೆ "ಏನಿಲ್ಲ ಬಿಡು" ಅಂತ ಮಗ್ಗುಲು ತಿರುಗೋ ನೀವು, ಅವರ ಹತ್ರ ಎಲ್ಲಾ ಹೇಳ್ಕೊಂಡಿದೀರ.

ಹೋದ ವಾರ ಡಾಕ್ಟರಮ್ಮ ಬಿಡಿಸಿ ಹೇಳಿದ್ರು. ನನ್ನ ವಯಸ್ಸಿಗೆ ಹಾರ್ಮೋನು ಏರುಪೇರಾಗುತ್ತಂತೆ. ಅದಕ್ಕೇ ಮುಟ್ಟು ಒಂದು ತಿಂಗಳು ಬಂದ್ರೆ ಇನ್ನೊಂದು ತಿಂಗಳು ಬರಲ್ಲ, ಮೈಯೆಲ್ಲಾ ಧಗ್ ಅನ್ನುತ್ತೆ, ಕೂಡಿದ್ರೆ ನೋವಾಗುತ್ತೆ. ಎಷ್ಟೋ ಹೆಂಗಸರಿಗೆ ಆಸೆಯೂ ಕಡಿಮೆಯಾಗುತ್ತಂತೆ. "ಗಂಡನ ಮೇಲೆ ಪ್ರೀತಿ ಹೋಯ್ತು ಅಂದ್ಕೋಬೇಡಮ್ಮ, ಇದಕ್ಕೆ ಔಷಧಿ ಇದೆ" ಅಂದ್ರು. ಅಲ್ಲೇ ಅತ್ತುಬಿಟ್ಟೆ.

ನಿಮಗೆ ಹೇಳೋಣ ಅಂತ ಓಡಿಬಂದ್ರೆ, ನೀವು ಅತ್ತಿಗೆ ಮನೆ ಜಗಲಿ ಮೇಲೆ ಅವರ ಜೊತೆ ಕೂತು ನಗ್ತಿದ್ರಿ. ನನ್ನ ಜೊತೆ ಹಾಗೆ ನಕ್ಕು ಎಷ್ಟು ದಿನ ಆಯ್ತು? ಹಾಗೇ ನಮ್ಮ ಮನೆಯೊಳಗೆ ಹೋಗಿ ಒಲೆ ಹಚ್ಚಿದೆ.

ಈ ಸಲ ನಿಮ್ಮನ್ನೂ ಕರ್ಕೊಂಡು ಬಾ ಅಂದಿದಾರೆ ಡಾಕ್ಟರಮ್ಮ. ಎದುರಿಗೆ ಕರೆಯೋಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆದಿಟ್ಟಿದೀನಿ. ಸೊಪ್ಪು ಹಾಕಿ ಮುಂದಿನ ಬಸ್ಸಿಗೆ ಬನ್ನಿ. ನೀವು ಬರೋವರೆಗೂ ಒಳಗೆ ಹೋಗಲ್ಲ, ಆಸ್ಪತ್ರೆ ಬಾಗಿಲಲ್ಲೇ ಕೂತಿರ್ತೀನಿ. ಅತ್ತಿಗೆಗೆ ಹೇಳಿದ್ದನ್ನೆಲ್ಲ ವಾಪಸ್ ಬರೋವಾಗ ನನಗೂ ಹೇಳಿ. ಬೈದ್ರೂ ಪರವಾಗಿಲ್ಲ, ನನ್ನೆದುರಿಗೇ ಬೈಯಿರಿ.

ತನುಜ