ಹುಲ್ಲಿಲ್ಲದ ತೋಟ

ಕ್ಯೋಟೊ
೧೪ ಅಕ್ಟೋಬರ್ ೨೦೦೬

ವೆಂಕಟರಮಣ ಅವರಿಗೆ ನಮಸ್ಕಾರ.

ನಮ್ಮ ಮನೆ ಮುಂದಿನ ಹುಲ್ಲು ಮೊಣಕಾಲೆತ್ತರ ಬೆಳೆದಿದೆ ಎಂದು, ಲಿಟಲ್ ಎಲ್ಮ್ ಬಡಾವಣೆಯ ಮನೆಮಾಲೀಕರ ಸಂಘದ ಅಧ್ಯಕ್ಷರಾಗಿ ನೀವು ಕಳಿಸಿದ ಎರಡನೆಯ ನೋಟಿಸು ತಲುಪಿತ್ತು. ನಿಯಮ ನಿಯಮವೇ, ಬೇಸರವಿಲ್ಲ.

ಇಂದು ನಮ್ಮ ಪ್ರವಾಸದ ಕೊನೆಯ ದಿನ. ಇಲ್ಲಿನ ಹಳೆಯ ದೇವಸ್ಥಾನವೊಂದಕ್ಕೆ ಹೋಗಿದ್ದೆವು. ಬಾಗಿಲಲ್ಲಿ ಕೈ ತೊಳೆಯಲು ಇಟ್ಟ ನೀರನ್ನು ತೀರ್ಥವೆಂದು ಮೂರು ಸಲ ಕುಡಿದು ತಲೆಗೆ ಸವರಿಕೊಂಡೆ. “ಅಮ್ಮಾ, ದಟ್ಸ್ ಫಾರ್ ವಾಷಿಂಗ್!” ಎಂದು ಮಗಳು ನಿಶಿತಾ ನಾಚಿಕೊಂಡಳು.

ಒಳಗಿನ ತೋಟದಲ್ಲಿ ಹುಲ್ಲಿನ ಒಂದು ಗರಿಯೂ ಇಲ್ಲ! ಬರೀ ಬಿಳಿ ಜಲ್ಲಿ, ಐದಾರು ಬಂಡೆ. ವಯಸ್ಸಾದ ಸನ್ಯಾಸಿಯೊಬ್ಬರು ಜಲ್ಲಿಯ ಮೇಲೆ ಅಲೆಯಂತೆ ಗೆರೆ ಎಳೆಯುತ್ತಿದ್ದರು. ನಲವತ್ತು ವರ್ಷ ರಂಗೋಲಿ ಹಾಕಿದ ನನ್ನ ಕೈಗೂ ಅಷ್ಟು ಸಮ ಬಾರದು. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ನಮ್ಮ ಅಂಗಳಕ್ಕೂ ಜಲ್ಲಿ ಹಾಕಿಸಲು ದಯವಿಟ್ಟು ಒಪ್ಪಿಗೆ ಕೊಡಿ. ದಿನಾ ಬೆಳಿಗ್ಗೆ ನಾನೇ ಗೆರೆ ಎಳೆಯುತ್ತೇನೆ.

ಆಗಸ್ಟಿನಲ್ಲಿ ನಮ್ಮ ಯಜಮಾನರು ಅರ್ಧ ಅಂಗಳದ ಹುಲ್ಲು ಕತ್ತರಿಸಿ, ನೀರು ಕುಡಿಯಲು ಒಳಗೆ ಬಂದು ಕೂತವರು ಮತ್ತೆ ಏಳಲಿಲ್ಲ. ಉಳಿದರ್ಧಕ್ಕೆ ಇನ್ನೊಬ್ಬರ ಮೆಷಿನ್ ತಾಗುವುದು ನನಗೆ ಬೇಡ.

ಇತಿ,
ನಳಿನಾಕ್ಷಿ ಭಾಸ್ಕರ