ಗಂಡಸರಿಗೆ ಪ್ರವೇಶವಿಲ್ಲದ ಬಂಜೆತನ ವಿಭಾಗ

ಹೆರಿಗೆ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಮಗ ಗೈರುಹಾಜರಾಗಿರಲಿಲ್ಲ. ಸೋಮವಾರ ನಿಮ್ಮ ಗೇಟಿನ ಹೊರಗೆ ನಾಲ್ಕು ತಾಸು ನಿಂತಿದ್ದ. 'ರೋಗಿ ಬಂದಿಲ್ಲ' ಎಂದು ಬರೆದು ಅವನ ಶಸ್ತ್ರಚಿಕಿತ್ಸೆಯನ್ನು ಮೂರು ತಿಂಗಳು ಮುಂದೆ ತಳ್ಳಿದ್ದೀರಿ. ಒಳಗೆ ಬಿಡದವರೂ ನೀವೇ, ಬರಲಿಲ್ಲವೆಂದು ಬರೆದವರೂ ನೀವೇ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಇದು ಯಾವ ನ್ಯಾಯವೆಂದು ಓದಿದವರು ತಿಳಿಸಬೇಕು.

ಮಗ ರಾಮದಾಸ ಹೈಟೆಕ್ ಸಿಟಿಯಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. ಅಲ್ಲಿನ ಹೊಸ ಗಾಜಿನ ಕಟ್ಟಡಗಳಲ್ಲಿ ಕೊರಳಿನ ಕಾರ್ಡು ತೋರಿಸಿದರೆ ಬಾಗಿಲು ತಾನೇ ತೆರೆಯುತ್ತದಂತೆ. ಅವನಿಗೆ ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮು ಹೆಚ್ಚು. ಹಾಗಾಗಿ ವೀರ್ಯದಲ್ಲಿ ವೀರ್ಯಾಣುಗಳಿಲ್ಲ. ಇದು ತಿಳಿಯುವ ಮೊದಲು ಏಳು ವರ್ಷ ಸೊಸೆ ತಾರಾಳಿಗೆ ನಾನು ಕಷಾಯ ಕುಡಿಸಿದೆ, ಉಪವಾಸ ಮಾಡಿಸಿದೆ, ಯಾರ ಸೀಮಂತಕ್ಕೂ ಕಳಿಸಲಿಲ್ಲ. ತಪ್ಪಾಯಿತೆಂದು ಅವಳೆದುರು ಒಪ್ಪಿಕೊಂಡಿದ್ದೇನೆ. "ಕಷಾಯ ಉಳದೈತೇನ್ರಿ ಅತ್ತಿ? ಈಗ ನಿಮ್ಮ ಮಗಗ ಕುಡಸ್ರಿ" ಎಂದು ನಕ್ಕಳು.

ನಿಮ್ಮ ಡಾಕ್ಟರಮ್ಮನೇ ಧೈರ್ಯ ಹೇಳಿದ್ದರು: ವೃಷಣದೊಳಗೆ ಸೂಕ್ಷ್ಮವಾಗಿ ಹುಡುಕಿದರೆ ಇಂಥವರಲ್ಲೂ ಎಷ್ಟೋ ಜನರಿಗೆ ಕೆಲವು ವೀರ್ಯಾಣು ಸಿಗುತ್ತವೆ, ಒಂದನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಟ್ಟರೂ ಮಗುವಾಗಬಹುದು, ಆದರೆ ವಯಸ್ಸು ಏರಿದಂತೆ ಹುಡುಕುವುದು ಕಷ್ಟ. ಅವನಿಗೀಗ ಮೂವತ್ತಾರು. ನಿಮ್ಮ ಮೂರು ತಿಂಗಳು ಅವನಿಗೆ ಸಣ್ಣದಲ್ಲ.

ಸೋಮವಾರ ಮಗ, ಸೊಸೆ, ನಾನು ಮೂವರೂ ಬಂದಾಗ ಗೇಟಿನಲ್ಲಿ ಕಾವಲುಗಾರ ಬೂದೆಪ್ಪ ಕೈ ಅಡ್ಡ ಹಿಡಿದ. ನಮ್ಮ ಬೀದರ ಕಡೆಯವನೇ.

"ಗಂಡಸರನ್ನ ಬಿಡಂಗಿಲ್ರಿ ಯವ್ವಾ. ಬೋರ್ಡ್ ನೋಡ್ರಿ."

"ಆಪರೇಷನ್ ಅವಗೇ ಐತೋ ಮಾರಾಯಾ!"

"ಆಸ್ಪತ್ರಿ ಕಾರ್ಡ್ ಈ ಅಕ್ಕನ ಹೆಸರಿಲೇ ಐತಲ್ರಿ. ಅಕ್ಕ ಹೋಗ್ಲಿ."

"ಹಂಗಾರ ಆಪರೇಷನ್ನೂ ನಾನೇ ಮಾಡಿಸ್ಕೊಂಡು ಬರ್ಲೇನಣ್ಣಾ?" ಎಂದಳು ತಾರಾ.

ಸರತಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಬೂದೆಪ್ಪನೂ ನಕ್ಕ, ಕೈ ಮಾತ್ರ ತೆಗೆಯಲಿಲ್ಲ. ಪಾಪ, ಬೋರ್ಡು ಬರೆಸಿದ್ದು ಅವನಲ್ಲ. ನಾನು ಒಳಗೆ ಹೋದೆ. ಅಲ್ಲಿ ಗುಮಾಸ್ತರು ಮೂರು ಸಲ ಮಗನ ಹೆಸರು ಕೂಗಿದರು. "ಗೇಟಿನಾಗ ನಿಂತಾನ್ರೀ!" ಎಂದು ಮೂರು ಸಲವೂ ನಾನೇ ಕೂಗಿದೆ. ಡಾಕ್ಟರಮ್ಮ ಥಿಯೇಟರಿನಲ್ಲಿದ್ದರು, ಕೇಳುವವರು ಯಾರು? ಬಂಜೆತನ ಹೆಂಗಸಿನದು ಮಾತ್ರ ಎಂದು ನಾನು ನಂಬಿದ್ದೆ, ನನಗೆ ಓದಿಲ್ಲ. ನಿಮಗೇನಾಗಿದೆ?

ಆ ಗೈರುಹಾಜರಿ ಹೊಡೆದುಹಾಕಿ, ಈ ವಾರವೇ ದಿನ ಕೊಡಿ. ಕಾರ್ಡಿನಲ್ಲಿ ಗಂಡನ ಹೆಸರನ್ನೂ ಬರೆಯಿರಿ, ಬೋರ್ಡು ಇಳಿಸಿರಿ. ಹುಡುಕಿಯೂ ಸಿಗದಿದ್ದರೆ ನಿಮ್ಮ ಜೊತೆ ಜಗಳವಿಲ್ಲ. ಅದನ್ನು ದೇವರ ಕೂಡ ಆಡುತ್ತೇನೆ. ಹುಡುಕದೇ ಹೋದರೆ ಮಾತ್ರ ನಿಮ್ಮ ಕೋಣೆಯ ಮುಂದೆ ಚಾಪೆ ಹಾಸುವವಳೇ. ನಾನು ಹೆಂಗಸು, ನನ್ನನ್ನು ತಡೆಯುವ ಬೋರ್ಡು ನಿಮ್ಮಲ್ಲಿಲ್ಲ.

ಇಂತಿ,
ತಪ್ಪನ್ನು ತಡವಾಗಿಯಾದರೂ ತಿದ್ದಿಕೊಂಡ ಅತ್ತೆ,
ಶಂಕ್ರಮ್ಮ, ಕುಷಾಯಿಗೂಡ