ಕುರಿ ತಿಂದ ಮೇಲೆ ಇಲ್ಲ ಎನ್ನುವಂತಿಲ್ಲ

ಮಾನ್ಯ ಉಪಮಂತ್ರಿಗಳೇ,

ನನ್ನ ಮಗಳು ವಗ್ಮಾ ಸೂಲಗಿತ್ತಿ ತರಬೇತಿಯ ಕೊನೆಯ ಪರೀಕ್ಷೆ ಬರೆಯಬೇಕಿತ್ತು. ಅಷ್ಟರಲ್ಲಿ ನಿಮ್ಮ ಸಹಿಯ ಆದೇಶ ಬಂತು, ಶಾಲೆಗೆ ಬೀಗ ಬಿತ್ತು. ಇದನ್ನು ಕೂಗಾಡಿ ಹೇಳಬೇಕೆಂದು ಕುಳಿತೆ. ಸಿಟ್ಟು ಬರಲಿಲ್ಲ. ಈಚೆಗೆ ಏನೂ ಬರುವುದಿಲ್ಲ, ಕೈಕಾಲು ಮರಗಟ್ಟಿದ ಹಾಗೆ ಮನಸ್ಸೂ ಮರಗಟ್ಟಿದೆ.

ಹೋದ ವಾರ ರೇಡಿಯೋದಲ್ಲಿ ನಿಮ್ಮ ಜೀವನಚರಿತ್ರೆ ಕೇಳಿದೆ. ಮದರಸಾದ ಬಡ ವಿದ್ಯಾರ್ಥಿ, ಬೆಟ್ಟದ ಕಮಾಂಡರ್, ಪ್ರಾಂತ್ಯದ ಗುಪ್ತ ಗವರ್ನರ್, ವಿದೇಶದ ಹೋಟೆಲಿನಲ್ಲಿ ಸಂಧಾನಕಾರ, ಈಗ ಕಾಬೂಲಿನಲ್ಲಿ ಉಪಮಂತ್ರಿ. ಎಂಥ ಏರಿಕೆ! ಆದರೆ ಕಮಾಂಡರ್‌ಗೂ ಗವರ್ನರ್‌ಗೂ ನಡುವಿನ ಒಂದು ಚಳಿಗಾಲವನ್ನು ಉದ್ಘೋಷಕರು ಹಾರಿಸಿಬಿಟ್ಟರು. ಆ ಚಳಿಗಾಲ ತಾವು ವರ್ದಕ್‌ನ ನಮ್ಮ ಮನೆಯ ಅತಿಥಿಕೋಣೆಯಲ್ಲಿ, ತೊಡೆಯಲ್ಲಿ ಗುಂಡು ಇಟ್ಟುಕೊಂಡು ಮಲಗಿದ್ದಿರಿ. ತಮ್ಮ ಬೇಗಂ ತುಂಬು ಗರ್ಭಿಣಿ. ಮಗು ಅಡ್ಡ ತಿರುಗಿತ್ತು. ಅದನ್ನು ಹೊರಗೆ ತಂದವಳು ನನ್ನ ಹೆಂಡತಿ. ನಮ್ಮಲ್ಲಿ ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಹೇಳುವುದಿಲ್ಲ. ನಾನು ಹೇಳುತ್ತೇನೆ: ಶಾಪೇರೈ. ಆಗ ತಾವು ಬಾಗಿಲಾಚೆಯಿಂದ, "ಅಕ್ಕಾ, ಸಾಯೋವರೆಗೂ ಈ ಉಪಕಾರ ಮರೆಯಲ್ಲ" ಎಂದು ಅತ್ತಿರಿ. ನಿಜವಾಗಿಯೇ ಅತ್ತಿರಿ.

ಶಾಪೇರೈಗೆ ಈಗ ಕಣ್ಣು ಕಾಣುವುದಿಲ್ಲ. ನಮ್ಮ ಕಣಿವೆಗೆ ಉಳಿದಿರುವುದು ವಗ್ಮಾಳ ಕೈಗಳು ಮಾತ್ರ. ಪ್ರಮಾಣಪತ್ರವಿಲ್ಲದೆ ಹೆರಿಗೆ ಮಾಡಿಸಿದರೆ ಅವಳನ್ನು ಹಿಡಿದುಕೊಂಡು ಹೋಗುತ್ತಾರಂತೆ. ಗಂಡಸು ವೈದ್ಯ ಹೆಂಗಸನ್ನು ಮುಟ್ಟಬಾರದು, ಹೆಂಗಸು ವೈದ್ಯವಿದ್ಯೆ ಕಲಿಯಬಾರದು. ಹಾಗಾದರೆ ಮಗು ತಾನೇ ಅರ್ಜಿ ಬರೆದುಕೊಂಡು ಹೊರಗೆ ಬರಬೇಕೇ, ಮಾನ್ಯರೇ?

ಅದಕ್ಕೇ ನಮ್ಮ ಹಿರಿಯರ ದಾರಿ ಹಿಡಿದೆ. ಕುರಿಯೊಂದನ್ನು ಹೊಡೆದುಕೊಂಡು ಬಂದು ನಿಮ್ಮ ಕಚೇರಿಯ ಗೇಟಿನ ಮುಂದೆ ಕುಳಿತೆ. ನನವಾತೈ. ಶರಣು ಬಂದವನ ಕುರಿಯನ್ನು ಕೊಯ್ದರೆ ಕೋರಿಕೆಗೆ ಒಪ್ಪಿದಂತೆ, ಒಪ್ಪದಿದ್ದರೆ ಕುರಿ ವಾಪಸು. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಕಾವಲಿನವನು, "ಬಾ ಕಾಕಾ, ಕುರಿ ಒಳಗೆ ಬಿಡು. ನೀನು ನಾಳೆ ಬಾ" ಎಂದ. ಮರುದಿನ ಹೋದಾಗ ಹಲ್ಲುಕಡ್ಡಿ ಆಡಿಸುತ್ತಿದ್ದ.

"ಏನ್ ಕುರಿ ಕಾಕಾ! ಉಪಮಂತ್ರಿ ಮೌಲವಿ ಸಾಹೇಬ್ರೇ ಎರಡ್ ಸಲ ಹಾಕಿಸ್ಕೊಂಡ್ರು."

"ಮತ್ತೆ ನನ್ನ ವಿಷಯ?"

"ಯಾವ ವಿಷಯ?"

ನನವಾತೈ ಎಂದೆ. ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಆಫೀಸಿಗೆ ಕೊಟ್ಟಿದ್ದು ಅಂದ್ಕೊಂಡ್ವಲ್ಲ ಕಾಕಾ! ಅಡುಗೆಯವ್ನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಒಳಗೆ ಹೋಗಿ ಬಂದು, "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಎಂದ.

ಮನೆಗೆ ಬಂದು ಹೇಳಿದೆ. ಶಾಪೇರೈ ನಕ್ಕುಬಿಟ್ಟಳು. "ತಿಂದ್ನಾ? ಹಂಗಾದ್ರೆ ಆಯ್ತಲ್ಲ! ವಗ್ಮಾ, ನಿನ್ನ ಬಿಳಿ ಕೋಟು ಒಗೆದು ಹಾಕೇ." ಕೋಟು ಒಗೆದು, ಒಣಗಿಸಿ, ಮಡಿಚಿಟ್ಟಾಗಿದೆ. ಬೀಗ ಹಾಗೇ ಇದೆ.

ಕುರಿಯ ಬೆಲೆ ನನಗೆ ಬೇಡ. ತಿಳಿಯದೆ ತಿಂದೆವು ಎಂಬ ಸಮಜಾಯಿಷಿಯೂ ಬೇಡ. ನಮ್ಮ ಕಣಿವೆಯಲ್ಲಿ ಅದು ನಡೆಯುವುದಿಲ್ಲ, ನೀವೂ ಅಲ್ಲಿ ಉಂಡವರೇ. ತಿಂದಿದ್ದೀರಿ, ಒಪ್ಪಿದ್ದೀರಿ. ಆ ಶಾಲೆಯ ಬೀಗ ತೆಗೆಸಿ, ಅವಳು ಪರೀಕ್ಷೆ ಬರೆಯಲಿ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು ಇದು ಆಗಬೇಕು, ಏಕೆಂದರೆ ನನ್ನ ಸೊಸೆ ತೋರ್‌ಪೇಕೈಗೆ ದಿನ ತುಂಬುವುದು ಅದಾದ ಮೇಲೆ.

ಇದು ಅವಳ ಚೊಚ್ಚಲು. ಮಗು ಅಡ್ಡವಿದೆ ಎಂದು ಶಾಪೇರೈ ಹೊಟ್ಟೆ ಸವರಿ ಹೇಳಿದ್ದಾಳೆ. ರೊಟ್ಟಿ ತಂದಿಡುವಾಗಲೆಲ್ಲ ಸೊಸೆ ಕೇಳುತ್ತಾಳೆ, "ಮಾವಾ, ಬೀಗ ತೆಗೆದ್ರಂತಾ?" ನಾನು ನಾಳೆ ಎನ್ನುತ್ತಿದ್ದೆ. ಈಗ ಅದನ್ನೂ ಹೇಳಲಾಗುತ್ತಿಲ್ಲ. ಅವಳಿಗೆ ಏನು ಹೇಳಲಿ, ನೀವೇ ತಿಳಿಸಿ.

ಇಂತಿ,
ತಮ್ಮ ಗೇಟಿನವರೆಗೆ ಮಾತ್ರ ಪ್ರವೇಶವಿರುವ,
ಹಜ್ರತ್‌ಮೀರ್,
ಜರ್ದಾಲು ಹಣ್ಣಿನ ತೋಟದವನು, ವರ್ದಕ್